ಮಗಳ ತಲೆ ಹೇನು ಹೋಗುತ್ತಿಲ್ಲ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಶಿರಾ ಗೇಟ್ ಅಮ್ಮ, ತುಮಕೂರು:
ಮಗಳಿಗೆ ಎಂಟು ವರ್ಷ, ಸೊಂಟದವರೆಗೆ ಕೂದಲು. ಮಗನಿಗೆ ಮೂರು ವರ್ಷ. ಮಗಳ ತಲೆ ತುಂಬ ಹೇನು, ಸೀರು. ಪರ್ಮೆಥ್ರಿನ್ ಔಷಧಿ ಹಾಕಿ ತೊಳೆದೆ, ಹೋಯಿತು ಅಂದುಕೊಂಡೆ. ಈಗ ಮತ್ತೆ ಕೂರೆ, ಅಂದರೆ ಮರಿ ಹೇನು, ಓಡಾಡುತ್ತಿವೆ. ಅತ್ತೆ ಸೀಮೆಎಣ್ಣೆ ಹಚ್ಚು ಅನ್ನುತ್ತಾರೆ. ಕೂದಲು ಕತ್ತರಿಸಲು ಮನಸ್ಸಿಲ್ಲ. ಅನುಭವ ಇದ್ದವರು ಹೇಳಿ.

ಕ್ಯಾತ್ಸಂದ್ರದವರು:
ಔಷಧಿದು ತಪ್ಪಲ್ಲ ಅಕ್ಕ, ಒಂದೇ ಸಲ ಹಾಕಿ ಬಿಟ್ಟರೆ ಹೀಗೇ ಆಗುತ್ತದೆ. ನನಗೂ ಇಬ್ಬರು ಹೆಣ್ಣುಮಕ್ಕಳು, ಇಬ್ಬರದ್ದೂ ಉದ್ದ ಕೂದಲು. ಒಂದು ಬಾಟಲಿ ಒಬ್ಬಳ ತಲೆಗೇ ಸಾಲಲಿಲ್ಲ. ಬಾಟಲಿಗೆ 130 ರೂಪಾಯಿ, ಅಂಥವು ನಾಲ್ಕು ತಂದೆ. ಪ್ಲಾಸ್ಟಿಕ್ ಬಾಚಣಿಗೆ 30 ರೂಪಾಯಿಗೆ ಸಿಕ್ಕಿತು, ಎಳೆದರೆ ಹಲ್ಲು ಅಗಲವಾಗಿ ಸೀರು ಹಾಗೇ ಉಳಿಯುತ್ತಿತ್ತು. ಕೊನೆಗೆ 180 ಕೊಟ್ಟು ಸ್ಟೀಲ್‌ದು ತಂದೆ. ನಾದಿನಿ ಮಾತು ಕೇಳಿ ಯಜಮಾನರು ದಿಂಬೆಲ್ಲ ಹೊಸದು ತಂದರು, ಅದಕ್ಕೆ 1,400. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ತಾನೇ ಸಾಯುತ್ತದೆ. ಕವರ್ ಬಿಸಿನೀರಿನಲ್ಲಿ ಒಗೆದಿದ್ದರೆ ಸಾಕಿತ್ತು.

ಸೀರನ್ನು ನೋಡಿ ಅಕ್ಕ, ಎಲ್ಲ ಇರುವುದು ಅದರಲ್ಲೇ. ಪರ್ಮೆಥ್ರಿನ್ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರಿಗೆ ಅಷ್ಟಾಗಿ ನಾಟುವುದಿಲ್ಲ. ಸೀರು ಒಡೆಯಲು ಒಂದು ವಾರದ ಮೇಲೆ ಬೇಕು. ಆ ಕೂರೆ ಬಲಿತು ತಾನೂ ಸೀರಿಡುವ ಮೊದಲೇ, ಅಂದರೆ ಒಂಬತ್ತನೇ ದಿನದ ಹೊತ್ತಿಗೆ, ಇನ್ನೊಂದು ಸಲ ಹಾಕಲೇಬೇಕು. ಜೊತೆಗೆ ಮನೆಯಲ್ಲಿ ಇರುವ ಎಲ್ಲರ ತಲೆಯನ್ನೂ ಒಂದೇ ದಿನ ನೋಡಿ. ನಮ್ಮಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಅಜ್ಜಿಯ ತಲೆಯಿಂದ. ಮಕ್ಕಳು ಅವರ ಪಕ್ಕದಲ್ಲೇ ಮಲಗುತ್ತಿದ್ದರು.

ತಿಪಟೂರು ತೋಟದ ಮನೆ:
ಬಾಟಲಿ, ದಿಂಬು, ಬಾಚಣಿಗೆ! ಎರಡು ಸಾವಿರದ ಮೇಲಾಯಿತು. ನಾನು ಒಂದು ಹನಿ ಔಷಧಿಯನ್ನೂ ಮಗಳ ತಲೆಗೆ ಮುಟ್ಟಿಸಿಲ್ಲ, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ರಾತ್ರಿ ನಮ್ಮದೇ ಕೊಬ್ಬರಿ ಎಣ್ಣೆ ಬುಡಕ್ಕೆ ಇಳಿಯುವ ಹಾಗೆ ಹಚ್ಚಿ ಬಟ್ಟೆ ಕಟ್ಟುತ್ತಿದ್ದೆ. ಎಣ್ಣೆಗೆ ಎಲ್ಲ ಹೇನೂ ಸಾಯುವುದಿಲ್ಲ, ಆದರೆ ಓಡಲಾಗದೆ ಸಿಕ್ಕಿಬೀಳುತ್ತವೆ. ಬೆಳಗ್ಗೆ ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಸೀರಣಿಗೆಯನ್ನು ಬುಡದಿಂದ ತುದಿವರೆಗೆ ಎಳೆದು, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡುತ್ತಿದ್ದೆ. ಕಿವಿಯ ಹಿಂದೆ, ಕತ್ತಿನ ಹತ್ತಿರ ಜಾಸ್ತಿ ಇರುತ್ತವೆ. ಮೂರು ದಿನಕ್ಕೊಮ್ಮೆ, ಹೀಗೆ ಎರಡು ವಾರದ ಮೇಲೂ ಮಾಡಿದೆ. ಬೆನ್ನು ಬಿದ್ದುಹೋಯಿತು, ಮಗಳು ಅತ್ತಳು, ಸ್ಕೂಲಿಗೆ ತಡವಾಗಿ ಬೈಸಿಕೊಂಡಳು. ಆದರೆ ಹೋಯಿತು. ಕೂತು ಬಾಚಲು ಪುರುಸೊತ್ತಿಲ್ಲದವರು ಅಂಗಡಿಗೆ ಓಡುತ್ತಾರೆ, ಅಷ್ಟೆ.

ಕ್ಯಾತ್ಸಂದ್ರದವರು:
ಪುರುಸೊತ್ತಿಲ್ಲ ಅಂತ ಯಾರು ಹೇಳಿದರು ನಿಮಗೆ? ನಾನು ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಇಬ್ಬರ ತಲೆ ಬಾಚಿದವಳು. ತೋಟ ಇದ್ದವರಿಗೆ ಎಣ್ಣೆ ಬಿಟ್ಟಿ, ನಮಗೆ ಅದೂ ದುಡ್ಡೇ. ಕೊಬ್ಬರಿ ಎಣ್ಣೆ ಲೀಟರ್ ಎಷ್ಟಾಗಿದೆ ಅಂತ ಅಂಗಡಿಯಲ್ಲಿ ಕೇಳಿ ನೋಡಿ.

ಮುಳಬಾಗಿಲಿನ ಅಪ್ಪ:
ನಾವು ತಿರುಪತಿಯಲ್ಲಿ ಮಗಳ ಮುಡಿ ಕೊಟ್ಟೆವು. ಒಂದೇ ದಿನದಲ್ಲಿ ಹೇನು, ಸೀರು ಎಲ್ಲ ಮುಗಿಯಿತು. ಕೂದಲು ಮತ್ತೆ ಬೆಳೆಯುತ್ತದೆ.

ಕೋಲಾರ, ಎರಡು ಜಡೆ ಅಮ್ಮ:
ಮುಡಿ ಕೊಡುವುದು ಹರಕೆಗೆ ಅಣ್ಣ, ಹೇನಿಗಲ್ಲ. ನಿಮ್ಮ ಮಗಳನ್ನು ಒಂದು ಮಾತು ಕೇಳಿದಿರಾ? ನನಗೆ ಹತ್ತು ವರ್ಷ ಇದ್ದಾಗ ಇದೇ ಕಾರಣಕ್ಕೆ ತಲೆ ಬೋಳಿಸಿದರು. ಕ್ಲಾಸಿನಲ್ಲಿ ಎಲ್ಲರೂ ಗುಂಡಿ ಅಂತ ಕರೆದರು, ಟವೆಲ್ ಕಟ್ಟಿಕೊಂಡು ಹೋದರೆ ಅದನ್ನೂ ಎಳೆದರು. ಆ ಸಿಟ್ಟು ಇನ್ನೂ ಹೋಗಿಲ್ಲ. ನನ್ನ ಮಗಳಿಗೆ ಬಿಗಿಯಾಗಿ ಎರಡು ಜಡೆ ಹಾಕಿ ಮಡಚಿ ಕಟ್ಟುತ್ತೇನೆ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ಹೆಚ್ಚಾಗಿ ತಲೆಗೆ ತಲೆ ತಾಗಿಯೇ ಬರುವುದು.

ಮುಳಬಾಗಿಲಿನ ಅಪ್ಪ:
ನಮ್ಮ ಮನೆದೇವರು, ನಮ್ಮ ಮಗಳು. ಅವಳು ಖುಷಿಯಿಂದಲೇ ಕೊಟ್ಟಳು. ನಿಮ್ಮ ಕಥೆಯನ್ನು ನಮ್ಮ ಮೇಲೆ ಹಾಕಬೇಡಿ.

ಶಿಡ್ಲಘಟ್ಟ ರೇಷ್ಮೆ ಮನೆ:
ಔಷಧಿ ಔಷಧಿ ಅನ್ನುವವರು ರೇಷ್ಮೆ ಹುಳ ಸಾಕುವ ಮನೆಯವರ ಕಷ್ಟವನ್ನೂ ಕೇಳಿ. ನಾದಿನಿ ರಜೆಗೆ ಬಂದಿದ್ದಳು, ಮಗಳ ತಲೆಗೆ ಅದೇ ಪರ್ಮೆಥ್ರಿನ್ ಹಚ್ಚಿದಳು. ಅದೇ ಕೈಯಲ್ಲಿ ಸೊಪ್ಪು ಹಾಕಲು ಹುಳದ ಮನೆಗೆ ಬಂದಳು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಜೋರಾಗಿ ಮೇಯುತ್ತಿದ್ದ ಹುಳ. ಸಂಜೆಗೆ ಒಂದು ಕಡೆಯ ತಟ್ಟೆಗಳ ಹುಳವೆಲ್ಲ ಸತ್ತು ಮಲಗಿದವು. 150 ಮೊಟ್ಟೆಯ ಬೆಳೆ, ನಮ್ಮಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಚಾಕಿ ಹುಳಕ್ಕೇ, ಅಂದರೆ ಸಾಕಲು ತರುವ ಮರಿ ಹುಳಕ್ಕೇ, ಆರು ಸಾವಿರ ಕೊಟ್ಟಿದ್ದೆವು. ಸೊಪ್ಪು ಕೊಯ್ಯುವ ಆಳಿಗೆ ದಿನಕ್ಕೆ 500, ಊಟ ಬೇರೆ. ಗೂಡಿಗೆ ಕೆಜಿಗೆ 500ರ ಮೇಲೆ ನಡೆಯುತ್ತಿದ್ದ ಕಾಲ. ಅರ್ಧ ಬೆಳೆ ತಿಪ್ಪೆಗೆ ಹೋಯಿತು. ಹೇನು ಸಾಯಿಸುವ ಮದ್ದು ರೇಷ್ಮೆ ಹುಳವನ್ನೂ ಸಾಯಿಸುತ್ತದೆ, ಎರಡೂ ಹುಳುವೇ ಅಲ್ವಾ. ಈಗ ನಮ್ಮಲ್ಲಿ ಸೀರಣಿಗೆ ಒಂದೇ.

ಚಿಂತಾಮಣಿ ಸೊಪ್ಪಿನ ತೋಟ:
ಅಕ್ಕ, ಸುಮ್ನೆ ನಾದಿನಿ ಮೇಲೆ ಹಾಕಬೇಡಿ. ನಾವೂ ಇಪ್ಪತ್ತು ವರ್ಷದಿಂದ ಹುಳ ಸಾಕಿದ್ದೇವೆ. ಐದನೇ ಹಂತದಲ್ಲಿ ಹಾಗೆ ಮಲಗಿದರೆ ಅದು ಹಾಲುತೊಂಡೆ ರೋಗ ಇರಬಹುದು. ಮನೆಯನ್ನು ಬ್ಲೀಚಿಂಗ್ ಹಾಕಿ ತೊಳೆದಿದ್ದಿರಾ?

ಶಿರಾ ಗೇಟ್ ಅಮ್ಮ, ತುಮಕೂರು:
ನನ್ನ ಮಗನಿಗೆ ಮೂರೇ ವರ್ಷ. ಅವನಿಗೂ ಅದೇ ಔಷಧಿ ಹಾಕಬಹುದಾ? ಅತ್ತೆ ಸೀಮೆಎಣ್ಣೆ ತರಿಸಿಟ್ಟಿದ್ದಾರೆ.

ಗೌರಿಬಿದನೂರು ನರ್ಸ್:
ಆ ಸೀಮೆಎಣ್ಣೆಯನ್ನು ಮೊದಲು ಮನೆಯಿಂದ ಆಚೆ ಹಾಕಿ. ಕೈಮುಗಿದು ಕೇಳುತ್ತೇನೆ. ಸೀಮೆಎಣ್ಣೆ ಹಚ್ಚಿದ ತಲೆಯಲ್ಲಿ ಒಲೆ ಹತ್ತಿರ ಕೂತ ಹುಡುಗಿಯ ಸುಟ್ಟ ಕಿವಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ಬೆಂಕಿ ತಾಗದಿದ್ದರೂ ಚರ್ಮ ಬೊಬ್ಬೆ ಬರುತ್ತದೆ, ಬಾಯಿಗೆ ಹೋಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹೊಲಕ್ಕೆ ಹೊಡೆಯುವ ಮದ್ದು, ಇರುವೆ ಸೀಮೆಸುಣ್ಣ ಇವನ್ನೂ ತಲೆಗೆ ಹಚ್ಚಿಸಿಕೊಂಡು ಮಕ್ಕಳು ಬರುತ್ತಾರೆ. ಸೀತಾಫಲದ ಬೀಜ ಅರೆದು ಹಚ್ಚುವುದೂ ಬೇಡ, ಕಣ್ಣಿಗೆ ಬಿದ್ದರೆ ಕರಿಗುಡ್ಡೆ ಕೆರೆದ ಹಾಗೆ ಹುಣ್ಣಾಗುತ್ತದೆ. ಎಣ್ಣೆಗೆ ಕರ್ಪೂರ ಹಾಕುವುದು ಬೇಡವೇ ಬೇಡ, ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು.

ಶೇ 1ರ ಪರ್ಮೆಥ್ರಿನ್ ಎರಡು ತಿಂಗಳು ದಾಟಿದ ಮಕ್ಕಳಿಗೂ ಕೊಡುತ್ತಾರೆ. ಮೊದಲು ಮಗನ ತಲೆಯನ್ನು ಬೆಳಕಿನಲ್ಲಿ ಬಾಚಿ ನೋಡಿ. ಜೀವಂತ ಹೇನು ಕಂಡರೆ ಮಾತ್ರ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಕಣ್ಣಿಗೆ ಬಟ್ಟೆ ಮುಚ್ಚಿ. ಹಚ್ಚುವ ಮೊದಲು ಕಂಡೀಷನರ್ ಬಳಸಬೇಡಿ, ಮದ್ದು ಹಿಡಿಯುವುದಿಲ್ಲ. ಎರಡು ಸಲ ಸರಿಯಾಗಿ ಹಾಕಿದ ಮೇಲೂ ಓಡಾಡುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಬೇರೆ ಮದ್ದು ಇದೆ.

ತಿಪಟೂರು ತೋಟದ ಮನೆ:
ನೋಡಿ, ಕೊನೆಗೆ ಡಾಕ್ಟರ್ ಹತ್ತಿರವೇ ಹೋಗಬೇಕಂತೆ. ಬಾಚಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಗೌರಿಬಿದನೂರು ನರ್ಸ್:
ಬಾಚಬೇಡಿ ಅಂತ ನಾನೆಲ್ಲಿ ಹೇಳಿದೆ ಮೇಡಂ? ಔಷಧಿ ಹಾಕಿದರೂ ಬಾಚಲೇಬೇಕು. ಗಂಡ, ಮನೆ, ಕೆಲಸ ನೋಡಿಕೊಂಡು ಎಲ್ಲರಿಗೂ ಬರೀ ಬಾಚಣಿಗೆಯಲ್ಲಿ ಆಗುವುದಿಲ್ಲ.

ಶಿಡ್ಲಘಟ್ಟ ರೇಷ್ಮೆ ಮನೆ:
ಚಿಂತಾಮಣಿಯವರೇ, ಹಾಲುತೊಂಡೆ ಯಾವುದು ಅಂತ ನನಗೂ ಗೊತ್ತು. ಹಾಲುತೊಂಡೆಯಾದರೆ ಹುಳ ಊದಿಕೊಂಡು ತಟ್ಟೆ ಅಂಚಿನಲ್ಲಿ ಹರಿದಾಡುತ್ತದೆ, ಚರ್ಮ ಹರಿದು ಬಿಳಿ ರಸ ಬರುತ್ತದೆ. ನಮ್ಮವು ತಲೆ ಅಲ್ಲಾಡಿಸಿ, ಹಸಿರು ನೀರು ಕಕ್ಕಿ, ಮುದುಡಿ ಸತ್ತವು. ಅದೂ ಅವಳು ಸೊಪ್ಪು ಹಾಕಿದ ಕಡೆ ಮಾತ್ರ. ಬ್ಲೀಚಿಂಗ್ ಪ್ರತಿ ಬೆಳೆಗೂ ಹಾಕುತ್ತೇವೆ. ಇನ್ನು ಮೇಲೆ ಯಾರಿಗಾದರೂ ಮದ್ದು ಬೇಕೇ ಬೇಕು ಅಂದರೆ ಗೂಡು ಮಾರಿದ ಮೇಲೆ, ಮುಂದಿನ ಚಾಕಿ ಬರುವ ಮೊದಲು. ತಲೆ ತೊಳೆದ ನೀರು, ಟವೆಲ್, ಬಾಚಣಿಗೆ ಯಾವುದೂ ಹುಳದ ಮನೆ ಕಡೆ ಬರುವ ಹಾಗಿಲ್ಲ. ನಾದಿನಿಗೂ ಹಾಗೇ ಹೇಳಿದ್ದೇನೆ, ಅವಳಿಗೆ ಬೇಜಾರಾದರೂ ಪರವಾಗಿಲ್ಲ.