ಅಪ್‌ಡೇಟ್: ಪಕ್ಕದ ಹೊಸ ಅಪಾರ್ಟ್‌ಮೆಂಟ್, ನಮ್ಮ ಬೋರ್‌ವೆಲ್ ನೀರು
ಬೆಂಗಳೂರಿನ ವರ್ತೂರು ಕಡೆಯ ನಮ್ಮ ಬಡಾವಣೆ ಪಕ್ಕ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ, ಬೋರ್‌ವೆಲ್ ನೀರು ವಾಸನೆ ಹೊಡೆಯುತ್ತಿದೆ, ಏನು ಮಾಡುವುದು ಅಂತ ಕೇಳಿದ್ದೆ. ನೀವು ಹೇಳಿದಂತೆ ನೀರನ್ನು ಲ್ಯಾಬ್‌ಗೆ ಕೊಟ್ಟೆವು.

ನೈಟ್ರೇಟ್ ಜಾಸ್ತಿ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಬೇರೆ ನೀರಿಲ್ಲ ಅಂದರೂ ವಿನಾಯಿತಿ ಇಲ್ಲ. ಮಲದಿಂದ ಬರುವ ಬ್ಯಾಕ್ಟೀರಿಯಾ ಇ. ಕೊಲೈ ಕೂಡ ಸಿಕ್ಕಿದೆ, ಅಂದರೆ ನೀರಿಗೆ ಕೊಳಚೆ ಸೇರಿದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಸುಮ್ನೆ ಗ್ಯಾಸ್ ದಂಡ.

ಕೊಳಚೆ ಯಾರದ್ದು ಅಂತ ವರದಿ ಹೇಳುವುದಿಲ್ಲವಲ್ಲ, ಬಿಲ್ಡರ್ ಕಡೆಯವರು ಅದನ್ನೇ ಹಿಡಿದುಕೊಂಡಿದ್ದಾರೆ. ಇರಲಿ. ಅವರಿಗೆ ಹೊಸ ಬೋರ್‌ವೆಲ್, ನಮಗೆ ಟ್ಯಾಂಕರ್ ಬಿಲ್. ಇದು ಯಾವ ನ್ಯಾಯ?

ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟಿದ್ದೇವೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಬೋರ್‌ವೆಲ್ ಅನುಮತಿ ಪತ್ರಗಳಿಗೆ ಆರ್‌ಟಿಐ ಹಾಕಿದ್ದೇವೆ. ಆರ್‌ಟಿಐಗೆ 30 ದಿನದೊಳಗೆ ಉತ್ತರ ಕೊಡಬೇಕು.