ಕಾರಿಲ್ಲ, ಸ್ಕೂಟಿಯೂ ಇಲ್ಲ: ಕಾರವಾರದಲ್ಲಿ ಮನೆ ಎಲ್ಲಿ ಹಿಡಿಯಲಿ?

ಧಾರವಾಡದಾಕಿ

ಎಲ್ಲರಿಗೂ ನಮಸ್ಕಾರ. ನನಗೆ ಕಾರವಾರಕ್ಕೆ ವರ್ಗ ಆಗಿದೆ. ಜೂನ್ ಮೊದಲ ವಾರ ಹಾಜರಾಗಬೇಕು. ಆಫೀಸು ಜಿಲ್ಲಾಧಿಕಾರಿ ಕಚೇರಿಯ ಹತ್ತಿರ. ಜೊತೆಗೆ ಬರುವವರು ಇಬ್ಬರು. 72 ವರ್ಷದ ನಮ್ಮವ್ವ, ಎಂಟನೇ ಕ್ಲಾಸಿಗೆ ಹೋಗುವ ಮಗ.

ನಮ್ಮಲ್ಲಿ ಕಾರಿಲ್ಲ, ಸ್ಕೂಟಿ ಇಲ್ಲ. ದುಡ್ಡಿನ ಮಾತಲ್ಲ. ನನಗೆ ರಾತ್ರಿ ಕಣ್ಣು ಸರಿಯಾಗಿ ಕಾಣಲ್ಲ. ಹಗಲಲ್ಲಿ ಏನೂ ತೊಂದರೆ ಇಲ್ಲ, ಸೂಜಿಗೆ ದಾರ ಪೋಣಿಸುತ್ತೇನೆ. ಹೊತ್ತು ಮುಳುಗಿತು ಅಂದರೆ ಮುಗಿಯಿತು. ಎದುರಿನ ಗಾಡಿಯ ಲೈಟು ಕಣ್ಣಿಗೆ ಬಿದ್ದರೆ ರಸ್ತೆಯೇ ಮಾಯ. ಹಾಗಾಗಿ "ಗಾಡಿ ಕಲಿಯಿರಿ, ಎಲ್ಲಾ ಸರಿಹೋಗುತ್ತೆ" ಅನ್ನುವ ಸಲಹೆ ದಯವಿಟ್ಟು ಬೇಡ. ಹದಿನೈದು ವರ್ಷದಿಂದ ಕೇಳಿ ಸಾಕಾಗಿದೆ.

ಧಾರವಾಡದಲ್ಲಿ ಹೇಗೋ ನಡೆಯುತ್ತಿತ್ತು. ಚಿಗರಿ ಬಸ್ ಇತ್ತು, ಇಳಿದ ಕಡೆಯಿಂದ ಮನೆಗೆ 200 ಹೆಜ್ಜೆ, ದಾರಿ ಪೂರ್ತಿ ದೀಪ. ಕಾರವಾರ ನನಗೆ ಹೊಸದು. ಹೋದ ಭಾನುವಾರ ನಮ್ಮಣ್ಣನ ಕಾರಿನಲ್ಲಿ ಹೋಗಿ ಮೂರು ಮನೆ ನೋಡಿ ಬಂದೆವು.

ಒಂದು ಸದಾಶಿವಗಡದಲ್ಲಿ. ಬಾಡಿಗೆ 7,500. ತೆಂಗಿನ ತೋಟ, ಬಾವಿ, ಟೆರೇಸಿನಿಂದ ಕಾಳಿ ನದಿ ಕಾಣುತ್ತದೆ. ಅವ್ವ ಅಲ್ಲೇ ಕೂತುಬಿಟ್ಟಳು. "ತುಳಸಿಕಟ್ಟಿ ಐತಿ, ಬಾವಿ ಐತಿ, ಇನ್ನೇನು ಬೇಕವಾ ನಿನಗ" ಅಂತ. ಇನ್ನೊಂದು ಕೋಡಿಬಾಗದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, 10,000. ಮೂರನೆಯದು ಹಬ್ಬುವಾಡದಲ್ಲಿ, ಮಾಲೀಕರು ಕೆಳಗೆ, ನಾವು ಮೇಲೆ. 11,500 ಕೇಳುತ್ತಿದ್ದಾರೆ. ನೋಟ ಅಂದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಆಫೀಸಿಗೆ ನಡೆದರೆ ಅರ್ಧ ಗಂಟೆ ಅಂದರು.

ನನ್ನ ಮನಸ್ಸು ಸದಾಶಿವಗಡದ ಕಡೆಗೇ ಇದೆ. ಬಸ್ಸು ಬೇಕಾದಷ್ಟಿದೆ ಅಂತ ಆ ಮನೆಯ ಮಾಲೀಕರು ಹೇಳಿದರು. ಅಲ್ಲಿ ಇದ್ದವರು ಯಾರಾದರೂ ನಿಜ ಹೇಳಿ.

ಬಿಣಗಾದವ

ಬಿಣಗಾಕ್ಕೆ ಬನ್ನಿ ಮೇಡಂ. ಬಾಡಿಗೆ ಕಮ್ಮಿ, ಗಲಾಟೆ ಇಲ್ಲ. ಸುರಂಗ ಆದ ಮೇಲೆ ಊರಿಗೆ ಹತ್ತೇ ನಿಮಿಷ.

ಕಾಳಿ ದಂಡೆ

ಹತ್ತು ನಿಮಿಷ ಅನ್ನುವುದು ಬೈಕಿನ ಲೆಕ್ಕ ಅಲ್ವಾ ಅಣ್ಣ? ಕಾರವಾರದಲ್ಲಿ ಎಲ್ಲರೂ ಬೈಕಿನ ಲೆಕ್ಕವನ್ನೇ ಹೇಳುತ್ತಾರೆ. ಬಿಣಗಾದಲ್ಲಿ ಬಸ್ ತಪ್ಪಿದರೆ ಸುರಂಗದೊಳಗೆ ನಡೆದು ಬರುವುದಕ್ಕಾಗುತ್ತದಾ?

ಅಕ್ಕಾ, ನಾನು ಎರಡು ವರ್ಷ ಸದಾಶಿವಗಡದಲ್ಲಿದ್ದೆ. ನನಗೂ ಗಾಡಿ ಇಲ್ಲ, ಬರುವುದೂ ಇಲ್ಲ. ನಿಮ್ಮವ್ವ ಕೂತ ಹಾಗೆಯೇ ನಾನೂ ಕೂತಿದ್ದೆ. ಸಂಜೆ ಹೊಳೆ ಮೇಲೆ ಬಿಸಿಲು, ಆಚೆ ಗುಡ್ಡ. ನಾನು ನೋಡಿದ್ದು ಜನವರಿಯಲ್ಲಿ. ಮೊದಲ ತಪ್ಪು ಅದೇ.

ಬಸ್ ಬೇಕಾದಷ್ಟಿದೆ ಅನ್ನುವುದು ಸುಳ್ಳಲ್ಲ. ಹೆದ್ದಾರಿಯಲ್ಲಿ ಬಸ್ ಇದೆ. ಮನೆ ಹೆದ್ದಾರಿಯಲ್ಲಿಲ್ಲ. ನನ್ನ ಮನೆ ಸ್ಟಾಪಿನಿಂದ ಮುಕ್ಕಾಲು ಕಿಲೋಮೀಟರ್ ಒಳಗೆ. ಜನವರಿಯಲ್ಲಿ ಅದು ಹನ್ನೆರಡು ನಿಮಿಷದ ನಡಿಗೆ, ಪಕ್ಕದಲ್ಲಿ ಗದ್ದೆ, ಹಕ್ಕಿ. ಜೂನ್ 10ರ ಮೇಲೆ ಅದೇ ದಾರಿಗೆ ಇಪ್ಪತ್ತೈದು ನಿಮಿಷ. ಅಂಚು ಯಾವುದು, ಗಟಾರ ಯಾವುದು ಅಂತ ಗೊತ್ತಾಗಲ್ಲ, ಎರಡೂ ಒಂದೇ ಬಣ್ಣದ ನೀರು. ಇಲ್ಲಿ ಮಳೆ ಕೊಡೆಯ ಮೇಲಿಂದ ಬೀಳಲ್ಲ, ಸಮುದ್ರದ ಕಡೆಯಿಂದ ಅಡ್ಡ ಬರುತ್ತದೆ. ಆಫೀಸಿಗೆ ಒಂದು ಜೊತೆ ಬಟ್ಟೆ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತಿದ್ದೆ. ಗಾಳಿಗೆ ಕರೆಂಟು ಹೋಯಿತು ಅಂದರೆ ಬೀದಿದೀಪವೂ ಇಲ್ಲ. ನನ್ನ ಕಣ್ಣು ಸರಿ ಇದ್ದೇ ಎರಡು ಸಲ ಬಿದ್ದಿದ್ದೇನೆ. ನಿಮ್ಮದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ಆ ಮುಕ್ಕಾಲು ಕಿಲೋಮೀಟರ್. ಐದು ಕಿಲೋಮೀಟರ್ ಬಸ್ ಯಾರಿಗೂ ಕಷ್ಟ ಅಲ್ಲ. ಬಸ್ ಇಳಿದ ಮೇಲಿನದನ್ನು ನೋಡಿ.

ಆಟೋ ಇದೆ ಅನ್ನುತ್ತಾರೆ. ಇದೆ. ಆದರೆ ಸೇತುವೆ ದಾಟಿ ಒಳಗೆ ಬಂದವನಿಗೆ ವಾಪಸ್ ಗಿರಾಕಿ ಸಿಗಲ್ಲ, ಹಾಗಾಗಿ ಹೋಗಿಬರುವ ಬಾಡಿಗೆ ಕೇಳುತ್ತಾನೆ. ಅವನದ್ದೂ ತಪ್ಪಲ್ಲ. ಒಂದು ತಿಂಗಳು ಬರೆದಿಟ್ಟು ನೋಡಿದೆ. ಬಾಡಿಗೆಯಲ್ಲಿ ಉಳಿಸಿದ ಮೂರು ಸಾವಿರದಲ್ಲಿ ಎರಡು ಸಾವಿರದ ನಾನೂರು ಆಟೋಕ್ಕೆ ಹೋಗಿತ್ತು. ಅಕ್ಕಿ ಮೂಟೆ ತಂದ ದಿನ, ಜ್ವರ ಬಂದ ದಿನ, ಆಫೀಸಿನಲ್ಲಿ ತಡವಾದ ದಿನ, ಸುಮ್ನೆ ಬೇಜಾರಾದ ದಿನ.

ಆಮೇಲೆ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಕಾಳಿ ಸೇತುವೆ ಬಿತ್ತು. ಒಂದು ಲಾರಿ ಹೊಳೆಗೆ ಹೋಯಿತು, ಪುಣ್ಯಕ್ಕೆ ಚಾಲಕ ಬದುಕಿದರು. ಬೆಳಗ್ಗೆ ಎದ್ದಾಗ ಫೋನಿನಲ್ಲಿ ಮೂವತ್ತು ಮಿಸ್ಡ್ ಕಾಲ್. ನನ್ನ ಅಮ್ಮ ನಾನೇ ಹೊಳೆಯಲ್ಲಿದ್ದೇನೆ ಅಂದುಕೊಂಡಿದ್ದಳು. ಹೊಸ ಸೇತುವೆ ನಿಂತಿತ್ತು ನಿಜ. ಆಮೇಲೆ ಎರಡೂ ಕಡೆಯ ಗಾಡಿ ಅದೊಂದರ ಮೇಲೇ. ನಾನು ಆ ದಿನ ದಂಡೆಯಲ್ಲಿ ನಿಂತು ಯೋಚಿಸಿದ್ದು ಇಷ್ಟೇ: ನನ್ನ ಕೆಲಸ, ಆಸ್ಪತ್ರೆ, ಸಂತೆ, ಬಸ್ ಸ್ಟ್ಯಾಂಡು ಎಲ್ಲಾ ಹೊಳೆಯ ಆಚೆ. ಈಚೆಗೆ ಇರುವುದು ಹಾಸಿಗೆ ಮಾತ್ರ. ನವೆಂಬರ್‌ನಲ್ಲಿ ಗ್ರೀನ್ ಸ್ಟ್ರೀಟ್ ಹಿಂದೆ ಒಂದು ಸಣ್ಣ ಮನೆಗೆ ಬಂದೆ. ಹೊಳೆ ನೋಡಬೇಕು ಅನಿಸಿದರೆ ಭಾನುವಾರ ಬಸ್ ಹತ್ತಿ ಹೋಗುತ್ತೇನೆ.

ಒಂದು ಮಾತು. ಅಣ್ಣನ ಕಾರಿನಲ್ಲಿ ಮನೆ ನೋಡಬೇಡಿ. ಬಸ್ಸಿನಲ್ಲಿ ಬನ್ನಿ, ಕತ್ತಲಾದ ಮೇಲೆ ನೋಡಿ. ಮನೆಯವರಿಗೆ ವಿಚಿತ್ರ ಅನಿಸುತ್ತದೆ, ಅನಿಸಲಿ.

ಶಿರಸಿ ಮಾಣಿ

ಸಾಧ್ಯವಾದರೆ ಶಿರಸಿಗೇ ವರ್ಗ ಮಾಡಿಸಿಕೊಳ್ಳಿ ಅಕ್ಕ. ಪೇಟೆ ಎಲ್ಲಾ ನಡೆದಷ್ಟು ದೂರ. ರೈಲು ಮಾತ್ರ ಇಲ್ಲ. ಮತ್ತೆ ಏರು ಇಳಿಜಾರು ಸ್ವಲ್ಪ ಜಾಸ್ತಿ. ಮತ್ತೆ ಮಳೆ. ಸರಿ ಬಿಡಿ, ಹೇಳಿದ್ದು ವಾಪಸ್.

ನಿವೃತ್ತ ಕಂಡಕ್ಟರ್

ತಂಗಿ, ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದವನು ನಾನು. ಕೋಡಿಬಾಗದ ಬಗ್ಗೆ ಯಾರೂ ಹೇಳಲಿಲ್ಲ, ಹೇಳುತ್ತೇನೆ.

ಕೋಡಿಬಾಗ, ಸದಾಶಿವಗಡ, ಮಾಜಾಳಿ ಎಲ್ಲಾ ಒಂದೇ ಸಾಲು. ಬೆಳಗ್ಗೆ ಊರಿಗೆ ಬರುವ ಬಸ್ ಮಾಜಾಳಿ ಕಡೆಯಿಂದಲೇ ತುಂಬಿಕೊಂಡು ಬರುತ್ತದೆ. ಕೋಡಿಬಾಗ ಕೊನೆಯಲ್ಲಿ ಸಿಗುವ ಸ್ಟಾಪು. ಅಲ್ಲಿ ಕೈ ಅಡ್ಡ ಹಿಡಿದರೆ ಡ್ರೈವರ್ ನಿಲ್ಲಿಸುತ್ತಾನೆ, ಆದರೆ ಬಾಗಿಲಲ್ಲೇ ನಿಲ್ಲಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಿಮಗೂ ಅವ್ವನಿಗೂ ಸಾದಾ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಆಯಿತು. ಒಳ್ಳೆಯದೇ. ಆದರೆ ಸೀಟಿನ ಆಸೆ ಬಿಡಬೇಕು. ಮಡಗಾಂವ್ ಕಡೆಗೆ ಹೋಗುವ ಕದಂಬ ಬಸ್ ಹತ್ತಿ ಆಧಾರ್ ತೋರಿಸಬೇಡಿ, ಅದು ಗೋವಾದ್ದು. ದಿನಾ ಒಬ್ಬರಾದರೂ ಜಗಳ ಆಡುತ್ತಾರೆ.

72 ವರ್ಷದವರಿಗೆ ಸೀಟು ಬೇಕು ಅಂದರೆ ಬಸ್ ಹೊರಡುವ ಜಾಗದಲ್ಲಿ ಹತ್ತಬೇಕು. ದಾರಿಯಲ್ಲಿ ಅಲ್ಲ. ನಿಂತ ಬಸ್ಸಿಗೆ ನಿಧಾನ ಹತ್ತಬಹುದು, ಮೆಟ್ಟಿಲು ಎತ್ತರ, ಮೊಣಕಾಲು ನೋವಿದ್ದವರಿಗೆ ಅದೇ ದೊಡ್ಡದು. ದಾರಿಯಲ್ಲಿ ಹತ್ತುವಾಗ ನಾವು ಸೀಟಿ ಹೊಡೆದೇ ಬಿಡುತ್ತೇವೆ, ಸುಳ್ಳು ಯಾಕೆ ಹೇಳಲಿ. ಹಾಗಾಗಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿ. ಹುಬ್ಬಳ್ಳಿ ಗಾಡಿಯೂ ಅಲ್ಲೇ ಸಿಗುತ್ತದೆ.

ಕೋಡಿಬಾಗದಲ್ಲಿ ಇನ್ನೊಂದು. ಊರಿಂದ ವಾಪಸ್ ಬರುವಾಗ ಹೆದ್ದಾರಿಯ ಯಾವ ಪಕ್ಕಕ್ಕೆ ಇಳಿಯುತ್ತೀರಿ, ಮನೆ ಯಾವ ಪಕ್ಕಕ್ಕಿದೆ ನೋಡಿಕೊಳ್ಳಿ. ಸಂಜೆ ದಾಟಬೇಕಾಗಿ ಬಂದರೆ ಎರಡೂ ಕಡೆಯಿಂದ ಗೋವಾ ಗಾಡಿಗಳ ಲೈಟು. ನಡುವೆ ದನಗಳು ಬೇರೆ ಮಲಗಿರುತ್ತವೆ.

ಧಾರವಾಡದಾಕಿ

ಅಣ್ಣಾರ, ಕಾಳಿ ದಂಡೆಯವರೇ, ಇಬ್ಬರಿಗೂ ಕೈ ಮುಗಿದೆ. ಯಾವ ಪಕ್ಕಕ್ಕೆ ಇಳಿಯುತ್ತೇನೆ ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಮನೆ ಸಮುದ್ರದ ಕಡೆಗೋ ಗುಡ್ಡದ ಕಡೆಗೋ ಅಂತ ಈಗ ನೆನಪೂ ಆಗುತ್ತಿಲ್ಲ. ಕಾರಿನಲ್ಲಿ ಹಿಂದಿನ ಸೀಟಲ್ಲಿ ಕೂತು ಅವ್ವನಿಗೆ ನಿಂಬೆಹಣ್ಣು ಮೂಸಿಸುತ್ತಿದ್ದೆ, ಅರಬೈಲ್ ಘಟ್ಟ ಇಳಿದ ಮೇಲೂ ಆಕೆಗೆ ತಲೆ ಸುತ್ತು ನಿಂತಿರಲಿಲ್ಲ.

ಎರಡು ಪ್ರಶ್ನೆ. ಶಿರವಾಡದಲ್ಲಿ ರೈಲ್ವೆ ಸ್ಟೇಷನ್ ಪಕ್ಕ ಮನೆ ಇದೆ ಅಂತ ಒಬ್ಬರು ಹೇಳಿದರು, ತಂಗಿ ಬೆಂಗಳೂರಿನಲ್ಲಿದ್ದಾಳೆ, ಅನುಕೂಲ ಆಗುತ್ತದಾ? ಮತ್ತೆ ಊರೊಳಗೆ ಅಂದರೆ ಹಬ್ಬುವಾಡ ಪರವಾಗಿಲ್ಲವಾ?

ಕಾಳಿ ದಂಡೆ

ಶಿರವಾಡ ಬೇಡ. ಬೆಂಗಳೂರಿಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ, ನಾಲ್ಕು ಸಲ? ಆಫೀಸಿಗೆ ಇನ್ನೂರು ಚಿಲ್ಲರೆ ದಿನ. ಪಂಚಗಂಗಾ ರೈಲಿಗೆ ಆ ನಾಲ್ಕು ದಿನ ಆಟೋ ಹೇಳಿ.

ಹಬ್ಬುವಾಡ ಕೆಟ್ಟದ್ದಲ್ಲ. ಆದರೆ ಜೋರು ಮಳೆಗೆ ಆ ಕಡೆ ಕೆಲವು ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಮಾಲೀಕರನ್ನು ಕೇಳಬೇಡಿ, ಪಕ್ಕದ ಅಂಗಡಿಯವರನ್ನು ಕೇಳಿ. ಇಲ್ಲವೇ ಕಾಂಪೌಂಡ್ ಗೋಡೆಯ ಮೇಲೆ ನೀರಿನ ಗೆರೆ ಎಲ್ಲಿವರೆಗೆ ಇದೆ ನೋಡಿ, ಅದು ಬಾಡಿಗೆ ಆಸೆಗೆ ಸುಳ್ಳು ಹೇಳಲ್ಲ. ಗುಡ್ಡದ ಬುಡದ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. ಇಲ್ಲಿಯವರು ಇನ್ನೂ ಮರೆತಿಲ್ಲ.

ಮತ್ತೆ ಮಗನ ಶಾಲೆ ಮೊದಲು ನೋಡಿ, ಆಮೇಲೆ ಮನೆ. ಅವನು ನಡೆದು ಹೋಗುವ ಹಾಗಿದ್ದರೆ ನಿಮ್ಮ ಅರ್ಧ ಚಿಂತೆ ಇಳಿಯಿತು.

ಧಾರವಾಡದಾಕಿ

ಹೋಗಿ ಬಂದೆವು. ಈ ಸಲ ಬಸ್ಸಿನಲ್ಲಿ, ಅವ್ವನನ್ನೂ ಕರಕೊಂಡು. ಬೇಕಂತಲೇ ಸಂಜೆ ಮುಟ್ಟಿದೆವು.

ಏಳೂವರೆಗೆ ಕೋಡಿಬಾಗದಲ್ಲಿ ಇಳಿದೆವು. ಮನೆ ಆಚೆ ಪಕ್ಕ. ಕಂಡಕ್ಟರ್ ಅಣ್ಣ ಹೇಳಿದ ಹಾಗೇ ಆಯಿತು, ಹತ್ತು ನಿಮಿಷ ಅಂಚಿನಲ್ಲಿ ನಿಂತೆ. ನನಗೆ ಲೈಟು ಬಿಟ್ಟು ಬೇರೇನೂ ಕಾಣಲಿಲ್ಲ. ಮಗ ಕೈ ಹಿಡಿದು ದಾಟಿಸಿದ. ದಾಟಿ ಆದ ಮೇಲೆ "ದಿನಾ ನಾನು ಬಂದು ನಿಲ್ಲಲಾ ಅಮ್ಮಾ" ಅಂದ. ಮನೆ ಒಳಗೆ ಹೋಗಲೇ ಇಲ್ಲ, ಆಟೋ ಹತ್ತಿ ಊರಿಗೆ ಬಂದೆವು.

ಸದಾಶಿವಗಡದ ಮನೆಯನ್ನು ಮರುದಿನ ಬೆಳಗ್ಗೆ ಅವ್ವ ಮತ್ತೆ ನೋಡಬೇಕು ಅಂದಳು. ಸ್ಟಾಪಿನಿಂದ ನಡೆಸಿದೆ. ಅರ್ಧ ದಾರಿಗೆ ಕಲ್ಲಿನ ಮೇಲೆ ಕೂತಳು. ಆಮೇಲೆ ಆಕೆಯೇ "ಬಾವಿ ಏನ್ ದಿನಾ ನೋಡ್ತೀವೇನು" ಅಂದಳು. ನಾನು ಬಾಯಿ ಬಿಡಲಿಲ್ಲ.

ಹಬ್ಬುವಾಡದ ಗೋಡೆಯಲ್ಲಿ ಗೆರೆ ಇತ್ತು, ನನ್ನ ಮೊಣಕಾಲಿನ ಎತ್ತರಕ್ಕೆ. ನಾವು ಮೇಲಿನ ಮನೆ, ಒಳಗೆ ನೀರು ಬರಲ್ಲ. ಹೊರಗೆ ಕಾಲಿಡಬೇಕಲ್ಲ.

ಕೊನೆಗೆ ಬಸ್ ಸ್ಟ್ಯಾಂಡಿನಿಂದ ಎಂಟು ನಿಮಿಷದಲ್ಲಿ ಒಂದು ಮನೆ ಸಿಕ್ಕಿತು. ಔಷಧಿ ಅಂಗಡಿಯವರು ತೋರಿಸಿದ್ದು. 12,000, ಎರಡೇ ಕೋಣೆ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಮಗನ ಶಾಲೆ ನಡೆದಷ್ಟು ದೂರ. ಆಫೀಸಿನಿಂದ ಮನೆಗೆ ಪೂರ್ತಿ ಅಂಗಡಿ ಸಾಲು, ರಾತ್ರಿ ಒಂಬತ್ತರವರೆಗೆ ಬೆಳಕು. ಎರಡು ಸಲ ನಡೆದು ನೋಡಿದೆ, ಒಂದು ಸಲ ಒಬ್ಬಳೇ. ಮುಂಗಡ ಕೊಟ್ಟು ಬಂದೆ. ಅವ್ವನಿಗೆ ಸಮಾಧಾನ ಇಲ್ಲ, ಭಾನುವಾರದ ಸಂತೆಗೆ ನಡೆದೇ ಹೋಗಬಹುದು ಅಂದ ಮೇಲೆ ಸ್ವಲ್ಪ ಸುಮ್ಮನಾದಳು. ಸಂತೆಯಲ್ಲಿ ಹಾಲಕ್ಕಿ ಹೆಂಗಸರ ಹತ್ತಿರ ಬಸಳೆ ಸೊಪ್ಪು ಕೊಂಡಳು, ಭಾಷೆ ಪೂರ್ತಿ ತಿಳಿಯದಿದ್ದರೂ ಐದು ರೂಪಾಯಿ ಇಳಿಸಿದಳು.

ಈಗ ಒಂದೇ ತೊಂದರೆ. ಜೋಳ ಬೀಸಿ ಕೊಡುವ ಗಿರಣಿ ಅಲ್ಲಿ ಹತ್ತಿರ ಎಲ್ಲಿದೆ? ಇಬ್ಬರನ್ನು ಕೇಳಿದೆ, ಇಬ್ಬರೂ ಅಕ್ಕಿ ಹಿಟ್ಟಿನ ಗಿರಣಿ ತೋರಿಸಿದರು.

ನಿವೃತ್ತ ಕಂಡಕ್ಟರ್

ಆ ಅಕ್ಕಿ ಗಿರಣಿಯವನೇ ಬೀಸಿ ಕೊಡುತ್ತಾನೆ ತಂಗಿ, ಮಧ್ಯಾಹ್ನ ಗಿರಾಕಿ ಕಮ್ಮಿ ಇರುವಾಗ ಹೋಗಿ. ಮೊದಲು ಒಂದು ಹಿಡಿ ಬೀಸಿ ಚೆಲ್ಲಲು ಹೇಳಿ, ಇಲ್ಲದಿದ್ದರೆ ರೊಟ್ಟಿಯಲ್ಲಿ ಅಕ್ಕಿ ಹಿಟ್ಟು ಬರುತ್ತದೆ.