ಬೆಟ್ಟದಲ್ಲಿ ಮನೆ ಕಟ್ಟುವ ವಿಚಾರ

ತಮಾ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಕೊಟ್ಟಿಗೆ ಕೆಲಸ ಮುಗಿಸಿ ಕೂತಿದ್ದೇನೆ, ಸ್ವಲ್ಪ ಉದ್ದ ಆಗಬಹುದು, ಕೇಳು. ಪಹಣಿಯಲ್ಲಿ ನಮ್ಮ ಊರಿನ ಹೆಸರೇ ಇಲ್ಲ, ಬೇರೆ ಊರಿನ ಹೆಸರಿದೆ, ತಪ್ಪಾಗಿದೆಯಾ ಅಂತ ಕೇಳಿದ್ದೀಯ. ಆಮೇಲೆ ತೋಟದ ಮೇಲಿನ ಬೆಟ್ಟದಲ್ಲಿ ಎರಡು ಕೋಣೆಯ ಹೋಂಸ್ಟೇ ಕಟ್ಟಬೇಕು, ಪಂಚಾಯತಿಯಲ್ಲಿ ಎಷ್ಟು ದಿನ ಹಿಡಿಯುತ್ತದೆ ಅಂತ.

ಪಹಣಿಗೆ ಹೆದರಬೇಡ. ನಾವು ಊರು ಅನ್ನುವುದು ಏಳು ಮನೆಯ ಕೇರಿ. ಸರ್ಕಾರದ ಲೆಕ್ಕದಲ್ಲಿ ಅದು ಬರೀ ಮಜರೆ, ಅಂದರೆ ದೊಡ್ಡ ಗ್ರಾಮಕ್ಕೆ ಸೇರಿದ ಉಪಗ್ರಾಮ. ಸರ್ವೆ ನಂಬರ್ ಇರುವುದು ಕಂದಾಯ ಗ್ರಾಮಕ್ಕೆ, ಪಹಣಿಯಲ್ಲಿ ಬರುವುದೂ ಅದರ ಹೆಸರೇ. ಅಂಥ ಕೆಲವು ಗ್ರಾಮ ಸೇರಿ ಒಂದು ಪಂಚಾಯತಿ. ಬಯಲುಸೀಮೆಯಲ್ಲಿ ಅದಕ್ಕೆ ಐದಾರು ಸಾವಿರ ಜನ ಬೇಕು. ನಮ್ಮ ಕಡೆ ಕೊಳ್ಳಕ್ಕೆ ನಾಲ್ಕು ಮನೆ ಅಲ್ವಾ, ಅದಕ್ಕೇ 1993ರ ಕಾಯ್ದೆಯಲ್ಲಿ ಮಲೆನಾಡಿನ ಜಿಲ್ಲೆಗಳಿಗೆ 2500 ಜನ ಇದ್ದರೂ ಸಾಕು ಅಂತ ರಿಯಾಯಿತಿ ಇದೆ. ಆದರೂ ನಾನು ಮೆಂಬರ್ ಆಗಿದ್ದಾಗ ನನ್ನ ವಾರ್ಡಿನ ಕೊನೇ ಮನೆಗೆ ಹೋಗಲು ಹಳ್ಳದ ಮೇಲಿನ ಎರಡು ಕಾಲುಸಂಕ ದಾಟಬೇಕಿತ್ತು. ಮಳೆಗಾಲದ ವಾರ್ಡ್ ಸಭೆಗೆ ಬರುತ್ತಿದ್ದವರು ಬೆರಳೆಣಿಕೆ. ಚಹಾ ಮಾತ್ರ ಪೂರ್ತಿ ಖಾಲಿ!

ಇನ್ನೊಂದು, ಪಹಣಿ ಪಂಚಾಯತಿಯದ್ದಲ್ಲ. ಅದು ಕಂದಾಯ ಇಲಾಖೆಯದ್ದು, ಹುಲೇಕಲ್ ಹೋಬಳಿಯ ನಾಡಕಚೇರಿಯಲ್ಲಿ ಸಿಗುತ್ತದೆ. ಮನೆ ತೆರಿಗೆ, ಬೀದಿದೀಪ, ನಲ್ಲಿ ನೀರು, ಸಣ್ಣ ರಸ್ತೆ ಇಷ್ಟು ಪಂಚಾಯತಿಗೆ.

ಈಗ ಬೆಟ್ಟ. ಅದು ನಮ್ಮದು ಅಂದುಕೊಂಡಿದ್ದೀಯಲ್ಲ, ಅಲ್ಲಪ್ಪ. ಬ್ರಿಟಿಷರ ಕಾಲದಿಂದಲೂ ಶಿರಸಿ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಅಂತ ಬಿಟ್ಟುಕೊಟ್ಟಿದ್ದಾರೆ. ಸೊಪ್ಪು ಕಡಿಯಬಹುದು, ಡರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರಬಹುದು, ದನ ಮೇಯಿಸಬಹುದು. ಆದರೆ ನೆಲ ಅರಣ್ಯದ್ದೇ. ಅಲ್ಲಿ ಮನೆ ಕಟ್ಟಲು ಪಂಚಾಯತಿ ಹೇಗೆ ಅನುಮತಿ ಕೊಡುತ್ತದೆ? ನಮ್ಮ ಹತ್ತಿರದ ಒಬ್ಬರು ಯಾರದೋ ಮಾತು ಕೇಳಿ ಬೆಟ್ಟದಲ್ಲಿ ಪಾಯ ತೆಗೆಸಿದ್ದರು. ಗಾರ್ಡ್ ಬಂದು ನಿಲ್ಲಿಸಿದ. ಆ ಗುಂಡಿಯಲ್ಲಿ ಈಗ ನೀರು ನಿಂತು ಕಪ್ಪೆ ಕೂಗುತ್ತವೆ.

ನನಗೆ ಅನುಮತಿಗಿಂತ ಜಾಸ್ತಿ ಚಿಂತೆ ಅಬ್ಬಿ ನೀರಿನದು, ಅಂದರೆ ಬೆಟ್ಟದಿಂದ ತಾನಾಗಿ ಹರಿದು ಬರುವ ನೀರಿನದು. ನಮ್ಮ ಏಳೂ ಮನೆಗೆ ನೀರು ಬರುವುದು ಆ ಬೆಟ್ಟದಿಂದ. ನಿನ್ನ ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಪಂಪು ಬೇಡ, ಕರೆಂಟು ಬೇಡ. ಮೊನ್ನೆ ಬಚ್ಚಲಲ್ಲಿ ನೀರು ನಿಂತೇ ಹೋಯಿತು. ಹತ್ತಿ ಹೋಗಿ ನೋಡಿದರೆ ಪೈಪಿನ ಬಾಯಿಗೆ ಡರಕು ತುಂಬಿಕೊಂಡಿತ್ತು, ಒಳಗೊಂದು ಏಡಿ ಬೇರೆ ಕೂತಿತ್ತು. ಆ ಪೈಪಿಗಿಂತ ಮೇಲ್ಗಡೆ ನೀನು ಶೌಚಾಲಯದ ಗುಂಡಿ ತೋಡಿದರೆ ಕೆಳಗಿನವರು ಏನು ಕುಡಿಯುವುದು?

ಹೋಂಸ್ಟೇ ಮಾಡಲೇಬೇಕು ಅಂದರೆ ಹಳೇ ಮನೆಯ ಹೆಬ್ಬಾಗಿಲ ಕಡೆಯ ಎರಡು ಕೋಣೆ ಖಾಲಿ ಬಿದ್ದಿವೆ. ಹಂಚು ತಿರುವಿಸಿ, ನೆಲ ಮಾಡಿಸಿದರೆ ಆಯಿತು. ಅದಕ್ಕೆ ಮನೆ ನಂಬರ್ ಇದೆ, ತೆರಿಗೆ ಕಟ್ಟಿದ ರಸೀದಿ ನನ್ನ ಹತ್ತಿರವೇ ಇದೆ. ಹಬ್ಬಕ್ಕೆ ಬಂದಾಗ ಪಂಚಾಯತಿ ಅಧಿಕಾರಿ ಪಿಡಿಒ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಮಂಗಳವಾರ ಮಾತ್ರ ಬೇಡ, ಅವತ್ತು ಅವರು ಮೀಟಿಂಗ್ ಅಂತ ಶಿರಸಿಗೆ ಹೋಗಿರುತ್ತಾರೆ.